ಶಾಸಕ ಬಾಬಾಸಾಹೇಬರು: ಮುಂಬೈ ಸಭೆಯಲ್ಲಿ ಮಾಡಿದ ಕೆಲಸ

ಸೊಲ್ಲಾಪುರ: ಸಂವಿಧಾನ ಬರೆದವರು ಯಾರು ಅಂದರೆ ಬಾಬಾಸಾಹೇಬ ಅಂಬೇಡ್ಕರ್ ಎಂದು ಸಾಲಿ ಹುಡುಗನೂ ಹೇಳುತ್ತಾನೆ. ಆದರೆ ಅದಕ್ಕೂ ಮೊದಲು ಅವರು ಮುಂಬೈ ಪ್ರಾಂತದ ಶಾಸಕರಾಗಿದ್ದರು ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ಆಗ ಅಕ್ಕಲಕೋಟೆ, ಜತ್ತ ಸಂಸ್ಥಾನಗಳಾಗಿದ್ದವು. ಸೊಲ್ಲಾಪುರ ಮಾತ್ರ ವಿಜಾಪುರ, ಬೆಳಗಾವಿ, ಧಾರವಾಡ, ಕಾರವಾರಗಳಂತೆ ಮುಂಬೈ ಪ್ರಾಂತಕ್ಕೇ ಸೇರಿತ್ತು. ಹಾಗಾಗಿ ಅಲ್ಲಿ ಚರ್ಚೆಯಾದ ಕಾಯ್ದೆಗಳು ನಮ್ಮ ಮುತ್ತಜ್ಜಂದಿರ ಹೊಲ, ಗಿರಣಿ, ಸಾಲಿಗೂ ಸಂಬಂಧಪಟ್ಟವು.

1891ರ ಏಪ್ರಿಲ್ 14ರಂದು ಮಹೂ ಕಂಟೋನ್ಮೆಂಟಿನಲ್ಲಿ ಸುಭೇದಾರ ರಾಮಜಿಯವರ ಮಗನಾಗಿ ಹುಟ್ಟಿದ ಭೀಮರಾಯರು ಅಮೆರಿಕೆಯ ಕೊಲಂಬಿಯಾ ಮತ್ತು ಲಂಡನ್ನಿನಲ್ಲಿ ಓದಿ ಬ್ಯಾರಿಸ್ಟರ್ ಆಗಿ ಮರಳಿದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಈ ಸಭೆ 1925ರ ಜನವರಿಯಲ್ಲಿ ವಿದ್ಯಾರ್ಥಿಗಳ ವಸತಿಗೃಹ ತೆರೆದದ್ದು ನಮ್ಮ ಸೊಲ್ಲಾಪುರದಲ್ಲೇ.

ಮೊದಲ ವರ್ಷದ ಮಾತು

ಗವರ್ನರ್ ನೇಮಿಸಿದ ಸದಸ್ಯರಾಗಿ 1927ರಲ್ಲಿ ಅವರು ಮುಂಬೈ ಕೌನ್ಸಿಲಿಗೆ ಬಂದರು. ನೇಮಕದ ಸದಸ್ಯ ಸರ್ಕಾರದ ಪರವಾಗಿ ಕೈ ಎತ್ತಿ ಸುಮ್ಮನಿರಬಹುದಿತ್ತು. ಇವರು ಹಾಗೆ ಮಾಡಲಿಲ್ಲ. ಫೆಬ್ರವರಿ 24ರಂದು ಬಜೆಟ್ ಮೇಲೆ ಮಾತಾಡುತ್ತ ಕಂದಾಯದ ಪದ್ಧತಿಯನ್ನೇ ಪ್ರಶ್ನಿಸಿದರು. ಆದಾಯ ತೆರಿಗೆಯಲ್ಲಿ ಕಡಿಮೆ ಗಳಿಕೆಯವನಿಗೆ ವಿನಾಯಿತಿ ಉಂಟು, ಆದರೆ ತುಂಡು ಹೊಲದ ರೈತನಿಗೆ ಕಂದಾಯದಲ್ಲಿ ಯಾಕೆ ಇಲ್ಲ ಎಂಬುದು ಅವರ ತಕರಾರು.

ಮಾರ್ಚ್ 12ರಂದು ಶಿಕ್ಷಣದ ಅನುದಾನ ಚರ್ಚೆಗೆ ಬಂತು. ಸರ್ಕಾರದ ಲೆಕ್ಕಪತ್ರವನ್ನೇ ಹಿಡಿದು ಅವರು ಮಾತಾಡಿದರು. ತಲಾ 14 ಆಣೆ ಶಿಕ್ಷಣಕ್ಕೆ ಖರ್ಚಾಗುತ್ತಿತ್ತು, ಅದೇ ಜನರಿಂದ ಅಬಕಾರಿ ಬಾಬತ್ತಿನಲ್ಲಿ ತಲಾ ಎರಡು ರೂಪಾಯಿಗೂ ಹೆಚ್ಚು ವಸೂಲಾಗುತ್ತಿತ್ತು. ಸಾಲಿಗೆ ಸೇರಿದ 100 ಮಕ್ಕಳಲ್ಲಿ ನಾಲ್ಕನೇ ಇಯತ್ತೆ ಮುಟ್ಟುವವರು 18 ಮಾತ್ರ ಎಂಬುದನ್ನೂ ಸಭೆಯ ಮುಂದಿಟ್ಟರು.

ಇದಾಗಿ ಎಂಟೇ ದಿನಕ್ಕೆ, ಮಾರ್ಚ್ 20ರಂದು, ಅವರು ಮಹಾಡದ ಚವದಾರ ಕೆರೆಯ ದಂಡೆಯಲ್ಲಿದ್ದರು. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ತೆರೆದಿರಬೇಕೆಂದು ಇದೇ ಕೌನ್ಸಿಲ್ 1923ರಲ್ಲಿ ಎಸ್.ಕೆ. ಬೋಲೆಯವರ ಠರಾವು ಒಪ್ಪಿತ್ತು. ಕಾಗದದಲ್ಲಿದ್ದ ಆ ಠರಾವನ್ನು ಅವರು ಸಾವಿರಾರು ಜನರ ಜತೆ ಹೋಗಿ, ಬೊಗಸೆ ನೀರು ಕುಡಿದು ಜಾರಿಗೆ ತಂದರು. ಮುಂದೆ ಕೆರೆಯ ಮೊಕದ್ದಮೆ ಹತ್ತು ವರ್ಷ ನಡೆದು 1937ರಲ್ಲಿ ಹೈಕೋರ್ಟಿನಲ್ಲಿ ಗೆಲುವಾಯಿತು. ಏಪ್ರಿಲ್ 1927ರಲ್ಲಿ ಬಹಿಷ್ಕೃತ ಭಾರತ ಎಂಬ ಮರಾಠಿ ಪತ್ರಿಕೆಯನ್ನೂ ಶುರು ಮಾಡಿದರು. ಸಭೆಯ ಕೆಲಸ, ಪತ್ರಿಕೆಯ ಬರಹ, ವಕೀಲಿಕೆ ಮೂರೂ ಒಟ್ಟಿಗೇ ನಡೆದವು.

ವತನದ ಮಸೂದೆ

ನಮ್ಮ ಕಡೆಯ ಹಿರಿಯರಿಗೆ ವತನ ಅಂದರೆ ಬಿಡಿಸಿ ಹೇಳಬೇಕಿಲ್ಲ. ಮಹಾರರು ತುಂಡು ಇನಾಮ ಜಮೀನು ಮತ್ತು ಊರವರು ಕೊಡುವ ಕಾಳಿನ ಮೇಲೆ ಹಗಲು ರಾತ್ರಿ ಸರ್ಕಾರಿ ಚಾಕರಿ ಮಾಡಬೇಕಿತ್ತು. ಮನೆಯ ಒಬ್ಬ ಬರದಿದ್ದರೆ ಇನ್ನೊಬ್ಬ ಹೋಗಲೇಬೇಕು. ಇದನ್ನು ಬಿಡಿಸಲು ಅಂಬೇಡ್ಕರ್ ಅವರು 1928ರಲ್ಲಿ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಚಾಕರಿ ಬೇಡ ಅನ್ನುವವನು ಪೂರ್ಣ ಕಂದಾಯ ಕಟ್ಟಿ ಜಮೀನು ಉಳಿಸಿಕೊಳ್ಳಲಿ, ಚಾಕರಿ ಮಾಡುವವನಿಗೆ ರೊಕ್ಕದ ರೂಪದಲ್ಲಿ ಖಾತ್ರಿ ಸಂಬಳ ಸಿಗಲಿ ಎಂಬುದು ಅದರ ತಿರುಳು. ಮಸೂದೆಗೆ ಬೆಂಬಲ ಸಿಗಲಿಲ್ಲ, 1929ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು.

ಅದೇ 1928ರ ಜುಲೈನಲ್ಲಿ ಗಿರಣಿ ಹೆಂಗಸರ ಹೆರಿಗೆ ಭತ್ಯೆಯ ಮಸೂದೆಯನ್ನು ಅವರು ಗಟ್ಟಿಯಾಗಿ ಬೆಂಬಲಿಸಿದರು. ಮುಂಬೈ ಪ್ರಾಂತದಲ್ಲಿ ಆ ಕಾಯ್ದೆ 1929ರಲ್ಲಿ ಬಂತು.

1936ರಲ್ಲಿ ಸ್ವತಂತ್ರ ಮಜೂರ ಪಕ್ಷ ಕಟ್ಟಿ, 1937ರಲ್ಲಿ ಚುನಾವಣೆ ಗೆದ್ದು ಬಂದರು. ಆ ವರ್ಷ ಸೆಪ್ಟೆಂಬರಿನಲ್ಲಿ ಕೊಂಕಣದ ಖೋತಿ ಪದ್ಧತಿ ರದ್ದತಿಗೆ ಮಸೂದೆ ಮಂಡಿಸಿದರು. ಸರ್ಕಾರಕ್ಕೂ ರೈತನಿಗೂ ನಡುವೆ ಕೂತ ಖೋತನಿಗೆ ಪರಿಹಾರ ಕೊಟ್ಟು ಉಳುವವನಿಗೆ ಹಕ್ಕು ಕೊಡಿ ಎಂದರು. 1938ರ ಜನವರಿಯಲ್ಲಿ ಸಾವಿರಾರು ರೈತರ ಮೋರ್ಚಾ ಮುಂಬೈಗೆ ಬಂತು. ಸಂಪಿನ ಹಕ್ಕಿಗೆ ಕತ್ತರಿ ಹಾಕುವ ಕೈಗಾರಿಕಾ ವಿವಾದ ಮಸೂದೆಯನ್ನು ಸಭೆಯೊಳಗೆ ವಿರೋಧಿಸಿ, ನವೆಂಬರ್ 7ರಂದು ಹೊರಗೆ ಒಂದು ದಿನದ ಮುಷ್ಕರವನ್ನೂ ನಡೆಸಿದರು.

ಕರ್ನಾಟಕದ ಪ್ರಶ್ನೆ

ಕನ್ನಡಿಗರಿಗೆ ಕಹಿ ಅನಿಸುವ ಒಂದು ಸಂಗತಿಯನ್ನೂ ಇಲ್ಲಿ ಹೇಳಲೇಬೇಕು. ಪ್ರತ್ಯೇಕ ಕರ್ನಾಟಕ ಪ್ರಾಂತದ ಠರಾವು 1938ರ ಏಪ್ರಿಲ್‌ನಲ್ಲಿ ಸಭೆಗೆ ಬಂದಾಗ ಅಂಬೇಡ್ಕರ್ ಅವರು ಅದನ್ನು ವಿರೋಧಿಸಿದರು. ಮುಂದೆ 1955ರಲ್ಲಿ ಬರೆದ ಪುಸ್ತಕದಲ್ಲಿ ಒಂದು ರಾಜ್ಯಕ್ಕೆ ಒಂದೇ ಭಾಷೆ ಇರುವುದು ಒಳ್ಳೆಯದೆಂದು ಒಪ್ಪಿದರು. ಆದರೆ ಅಂಥ ರಾಜ್ಯದಲ್ಲಿ ದೊಡ್ಡ ಜಾತಿಯ ಕೈಕೆಳಗೆ ಸಣ್ಣ ಸಮುದಾಯಗಳ ಗತಿ ಏನು ಎಂಬ ಚಿಂತೆಯನ್ನು ಬಿಡಲಿಲ್ಲ. 1956ರ ನವೆಂಬರ್ 1ರಂದು ವಿಜಾಪುರ, ಬೆಳಗಾವಿ ಮೈಸೂರು ರಾಜ್ಯಕ್ಕೆ ಹೋದವು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಇಲ್ಲೇ ಉಳಿದವು. ಸಂಖ್ಯೆಯಲ್ಲಿ ಕಡಿಮೆ ಇರುವವರ ಪಾಡು ಏನೆಂದು ಗಡಿಯ ಈಚೆಗಿನ ನಮಗೆ ಬೇರೆಯವರು ತಿಳಿಸಬೇಕಿಲ್ಲ. ಆ ಠರಾವಿನಲ್ಲಿ ಅವರ ಜತೆ ಒಪ್ಪದವರೂ ಆ ಚಿಂತೆಯನ್ನು ತಳ್ಳಿಹಾಕಲಾರರು.

ಐದು ವಾರಗಳ ಬಳಿಕ, ಡಿಸೆಂಬರ್ 6ರಂದು, ಬಾಬಾಸಾಹೇಬರು ದಿಲ್ಲಿಯಲ್ಲಿ ತೀರಿಕೊಂಡರು. ಖೋತಿ ರದ್ದತಿ ಕಾಯ್ದೆ 1949ರಲ್ಲಿ ಬಂದಿತ್ತು. ಕೆಳ ವತನಗಳನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1958ರಲ್ಲಿ, ಅವರು ಮೊದಲ ಮಸೂದೆ ತಂದು ಬರೋಬ್ಬರಿ 30 ವರ್ಷಕ್ಕೆ. ಅದನ್ನು ನೋಡಲು ಅವರಿರಲಿಲ್ಲ. ಮಸೂದೆ ಬಿದ್ದಿತೆಂದು ಶಾಸಕನ ಕೆಲಸ ಸೋತಿತು ಅನ್ನುವವರು ಈ ಎರಡು ಇಸವಿಗಳನ್ನು ನೆನಪಿಟ್ಟುಕೊಂಡರೆ ಸಾಕು.