ಮೂರೇ ವರ್ಷ, 3,667 ಪಾಯಿಂಟ್

ಫಸ್ಟ್ ಇಯರ್‌ನವರನ್ನ ಕಾಲೇಜ್ ಟೀಮಿಗೆ ಸೇರಿಸಲ್ಲ ಅಂದ್ರೆ ನಾವು ಎಷ್ಟು ಗಲಾಟೆ ಮಾಡ್ತಿದ್ವೋ! 1960ರ ದಶಕದ ಅಮೆರಿಕದಲ್ಲಿ ಅದೇ ನಿಯಮ. ಹಾಗಾಗಿ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ಟೀಮಿನಲ್ಲಿ ಪೀಟ್ ಮ್ಯಾರವಿಚ್ ಅವರಿಗೆ ಸಿಕ್ಕಿದ್ದು ಮೂರೇ ವರ್ಷ, 83 ಪಂದ್ಯ. ಸರಾಸರಿ 44.2. ಆಗ ತ್ರೀ-ಪಾಯಿಂಟ್ ಗೆರೆಯೇ ಇರಲಿಲ್ಲ. ಎಷ್ಟು ದೂರದಿಂದ ಹಾಕಿದ್ರೂ ಎರಡೇ. ಕೋಚ್ ಅವರಪ್ಪನೇ, ನಿಜ. ಆದ್ರೆ ಇಷ್ಟು ಸ್ಕೋರು ಶಿಫಾರಸಿನಿಂದ ಬರಲ್ಲ ಅಂತೀವಿ ನಾವು.

ಮುಂದೆ ಎನ್‌ಬಿಎಯಲ್ಲಿ ಹತ್ತು ಸೀಸನ್. 1977ರಲ್ಲಿ ನಿಕ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 68. ಚಾಂಪಿಯನ್‌ಶಿಪ್ ಸಿಗಲೇ ಇಲ್ಲ. ಮೊಣಕಾಲು ಕೈಕೊಟ್ಟು 1980ರಲ್ಲಿ ನಿವೃತ್ತಿ.

1988ರ ಜನವರಿ 5, ಕ್ಯಾಲಿಫೋರ್ನಿಯಾದ ಒಂದು ಚರ್ಚ್ ಜಿಮ್. ಸುಮ್ಮನೆ ಖುಷಿಗೆ ಆಡುತ್ತಿದ್ದವರು ಅಲ್ಲೇ ಕುಸಿದುಬಿದ್ದರು. ವಯಸ್ಸು 40. ಪೋಸ್ಟ್‌ಮಾರ್ಟಮ್ ಆದಮೇಲೇ ಗೊತ್ತಾಗಿದ್ದು: ಹೃದಯದ ಎಡ ಕೊರೊನರಿ ರಕ್ತನಾಳ ಹುಟ್ಟಿನಿಂದಲೇ ಇರಲಿಲ್ಲ. ಅಷ್ಟು ವರ್ಷದ ಓಟವನ್ನೆಲ್ಲ ಬಲಗಡೆಯದೊಂದೇ ನಡೆಸಿತ್ತು.