ಬಟ್ಟೆಯ ಅಮ್ಮ, ತಂತಿಯ ಅಮ್ಮ: ಹ್ಯಾರಿ ಹಾರ್ಲೋ ಬದುಕು

ಜೆ.ಪಿ. ನಗರ, ಬನಶಂಕರಿ 6ನೇ ಹಂತ, ತುರಹಳ್ಳಿ ಕಾಡಿನ ಸುತ್ತಮುತ್ತ ಇರೋರಿಗೆ ಕೋತಿಗಳು ಹೊಸದೇನಲ್ಲ. ಟೆರೇಸ್ ಮೇಲೆ ಒಣಗೋಕೆ ಹಾಕಿದ ಹಪ್ಪಳ, ಅಡುಗೆಮನೆ ಕಿಟಕಿ ಪಕ್ಕದ ಬಾಳೆಹಣ್ಣು, ವಾಟರ್ ಟ್ಯಾಂಕ್ ಮುಚ್ಚಳ, ಯಾವುದನ್ನೂ ಅವು ಬಿಡಲ್ಲ. ಹಾಗಾಗಿ ಕೋತಿ ಅಂದ್ರೆ ನಮಗೆ ಮೊದಲು ನೆನಪಾಗೋದು ಅದರ ಹೊಟ್ಟೆ. ತಿನ್ನೋಕೆ ಸಿಕ್ಕರೆ ಸಾಕು, ಅದಕ್ಕೆ ಇನ್ನೇನು ಬೇಕು ಅಂತ ಅಂದುಕೊಂಡಿರ್ತೀವಿ.

ಊಟ ಬಿಟ್ಟು ಇನ್ನೇನು ಬೇಕು ಅನ್ನೋ ಈ ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಬಿದ್ದ ಒಬ್ಬ ವಿಜ್ಞಾನಿ ಇದ್ದರು. ಹೆಸರು ಹ್ಯಾರಿ ಹಾರ್ಲೋ. ಸೈಕಾಲಜಿ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಇದ್ದೇ ಇರುತ್ತೆ. ಅವರಿಗೆ ಉತ್ತರ ಸಿಕ್ಕಿತು. ಆದ್ರೆ ಆ ಉತ್ತರಕ್ಕೆ ಕೋತಿಗಳು ಕೊಟ್ಟ ಬೆಲೆ ದೊಡ್ಡದು. ಅದಕ್ಕೇ ಅವರ ಬದುಕಿನ ಎರಡೂ ಬದಿಗಳನ್ನು ಇಲ್ಲಿ ಹೇಳ್ತೀವಿ.

ಹಾರ್ಲೋ ಹುಟ್ಟಿದ್ದು 1905ರ ಅಕ್ಟೋಬರ್ 31ರಂದು, ಅಮೆರಿಕದ ಅಯೋವಾ ರಾಜ್ಯದ ಫೇರ್‌ಫೀಲ್ಡ್ ಅನ್ನೋ ಸಣ್ಣ ಊರಲ್ಲಿ. ಆಗ ಅವರ ಹೆಸರು ಹ್ಯಾರಿ ಇಸ್ರೇಲ್. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ 1930ರಲ್ಲಿ ಪಿಎಚ್‌ಡಿ ಮುಗಿಸಿದರು. ಇಸ್ರೇಲ್ ಅನ್ನೋ ಹೆಸರು ಯೆಹೂದಿ ಹೆಸರಿನ ಹಾಗೆ ಕೇಳುತ್ತೆ, ಹಾಗಾಗಿ ಕೆಲಸ ಸಿಗೋದು ಕಷ್ಟ ಅಂತ ಅವರ ಪ್ರೊಫೆಸರ್ ಲೂಯಿಸ್ ಟರ್ಮನ್ ಸಲಹೆ ಕೊಟ್ಟರು. ಅವರು ಯೆಹೂದಿ ಆಗಿರಲಿಲ್ಲ. ಆದರೂ ಹೆಸರು ಬದಲಾಯಿಸಿಕೊಂಡು, ತಂದೆಯ ಹೆಸರಿನ ನಡುವೆ ಇದ್ದ ಹಾರ್ಲೋ ಅನ್ನೋದನ್ನು ತಮ್ಮದಾಗಿ ಮಾಡಿಕೊಂಡರು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು.

ಅಲ್ಲಿಗೆ ಹೋಗಿ ನೋಡಿದರೆ ಇಲಿಗಳ ಲ್ಯಾಬ್ ಇದ್ದ ಕಟ್ಟಡವನ್ನೇ ಕೆಡವಿ ಹಾಕಿದ್ದರು. ಬೇರೆ ದಾರಿ ಇಲ್ಲದೆ ಹಾರ್ಲೋ ಮ್ಯಾಡಿಸನ್ ಊರಿನ ವಿಲಾಸ್ ಪಾರ್ಕ್ ಮೃಗಾಲಯಕ್ಕೆ ಹೋಗಿ, ಬೋನಿನ ಮುಂದೆ ಕೂತು ಕೋತಿ, ಒರಾಂಗುಟಾನ್‌ಗಳನ್ನು ಗಮನಿಸೋಕೆ ಶುರು ಮಾಡಿದರು. ಆಮೇಲೆ ಒಂದು ಹಳೇ ಕಟ್ಟಡವನ್ನು ವಿದ್ಯಾರ್ಥಿಗಳ ಜೊತೆ ಸೇರಿ ರಿಪೇರಿ ಮಾಡಿ ಕೋತಿಗಳ ಲ್ಯಾಬ್ ಕಟ್ಟಿದರು. ಮೊದಲ 20 ವರ್ಷ ಅವರ ಕೆಲಸ ಪೂರ್ತಿ ಕೋತಿಗಳ ಬುದ್ಧಿಯ ಬಗ್ಗೆ. ಒಂದೇ ತರಹದ ಪಜಲ್‌ಗಳನ್ನು ಮತ್ತೆ ಮತ್ತೆ ಕೊಟ್ಟರೆ ಕೋತಿ ಬರೀ ಉತ್ತರ ಕಲಿಯಲ್ಲ, ಕಲಿಯೋ ವಿಧಾನವನ್ನೇ ಕಲಿಯುತ್ತೆ ಅಂತ 1949ರಲ್ಲಿ ತೋರಿಸಿದರು. ಅವರ ಹೆಸರು ಇಷ್ಟಕ್ಕೇ ನಿಂತಿದ್ದರೂ ಅದು ದೊಡ್ಡ ಕೆಲಸವೇ.

ಕಥೆ ತಿರುಗಿದ್ದು 1950ರ ದಶಕದಲ್ಲಿ. ಅದಕ್ಕೆ ನಮ್ಮ ದೇಶದ ಸಂಬಂಧ ಇದೆ. ಲ್ಯಾಬ್‌ಗಳಲ್ಲಿ ಬಳಸ್ತಿದ್ದ ರೀಸಸ್ ಕೋತಿ ಉತ್ತರ ಭಾರತದ್ದು. ನಮ್ಮ ಬೆಂಗಳೂರಿನಲ್ಲಿ ಕಾಣೋ ಬಾನೆಟ್ ಮಕಾಕ್ ಅದರ ಹತ್ತಿರದ ಸಂಬಂಧಿ. ಪೋಲಿಯೋ ಲಸಿಕೆ ತಯಾರಿಕೆಗೆ ಬೇಕು ಅಂತ ಆ ಕಾಲದಲ್ಲಿ ಭಾರತದಿಂದ ಲಕ್ಷಗಟ್ಟಲೆ ಕೋತಿಗಳು ಹೊರದೇಶಕ್ಕೆ ಹೋಗ್ತಿದ್ದವು. ಇಕ್ಕಟ್ಟಾದ ಪೆಟ್ಟಿಗೆಗಳು, ಉದ್ದದ ಪ್ರಯಾಣ. 1955ರಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ನೂರಾರು ಕೋತಿಗಳು ಉಸಿರುಗಟ್ಟಿ ಸತ್ತಾಗ ಭಾರತ ಸರ್ಕಾರ ಸ್ವಲ್ಪ ಕಾಲ ರಫ್ತನ್ನೇ ನಿಲ್ಲಿಸಿತ್ತು. ಬದುಕಿ ತಲುಪಿದವುಗಳಲ್ಲೂ ಟಿಬಿಯಂಥ ರೋಗಗಳು ಇರ್ತಿದ್ದವು.

ಹಾರ್ಲೋ ತಾವೇ ಕೋತಿಗಳನ್ನು ಸಾಕಿ ಬೆಳೆಸೋಣ ಅಂತ ತೀರ್ಮಾನ ಮಾಡಿದರು. ರೋಗ ಹರಡಬಾರದು ಅಂತ ಮರಿಗಳನ್ನು ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯಿಂದ ಬೇರೆ ಮಾಡಿ, ಕ್ಲೀನ್ ಆದ ಬೋನಿನಲ್ಲಿ ಒಂಟಿಯಾಗಿ ಇಟ್ಟು, ಬಾಟಲಿಯಲ್ಲಿ ಹಾಲು ಕೊಟ್ಟರು. ಎಂಜಿನಿಯರ್ ಕಣ್ಣಲ್ಲಿ ನೋಡಿದರೆ ಇದು ಪರ್ಫೆಕ್ಟ್ ಸಿಸ್ಟಮ್. ಆಹಾರ ಇದೆ, ಸ್ವಚ್ಛತೆ ಇದೆ, ಸೋಂಕು ಇಲ್ಲ. ಮರಿಗಳ ತೂಕವೂ ಚೆನ್ನಾಗಿತ್ತು. ಆದ್ರೆ ಅವು ಸುಮ್ಮನೆ ಕೂತಿರ್ತಿದ್ದವು, ಬೆರಳು ಚೀಪುತ್ತಿದ್ದವು, ಮುಂದಕ್ಕೂ ಹಿಂದಕ್ಕೂ ತೂಗಾಡ್ತಿದ್ದವು. ಬೋನಿನ ನೆಲಕ್ಕೆ ಹಾಸಿದ್ದ ಬಟ್ಟೆಯನ್ನು ಮಾತ್ರ ಬಿಗಿಯಾಗಿ ಹಿಡ್ಕೊಂಡಿರ್ತಿದ್ದವು. ಒಗೆಯೋಕೆ ಅಂತ ಅದನ್ನು ತೆಗೆದರೆ ರಂಪ ಮಾಡ್ತಿದ್ದವು. ಬಟ್ಟೆಯೇ ಇಲ್ಲದ ಬರೀ ತಂತಿಯ ಬೋನಿನಲ್ಲಿ ಇಟ್ಟ ಮರಿಗಳು ಮೊದಲ 5 ದಿನ ದಾಟೋದೇ ಕಷ್ಟವಾಗ್ತಿತ್ತು.

ಆಗಿನ ಕಾಲದ ವಿಜ್ಞಾನ ಇದಕ್ಕೆ ವಿರುದ್ಧವಾದ್ದನ್ನು ಹೇಳ್ತಿತ್ತು. ಮಗು ತಾಯಿಯನ್ನು ಹಚ್ಚಿಕೊಳ್ಳೋದು ಹಾಲಿಗೋಸ್ಕರ ಅಂತ ತಜ್ಞರು ನಂಬಿದ್ದರು. ಮಕ್ಕಳನ್ನು ಜಾಸ್ತಿ ಮುದ್ದು ಮಾಡಬೇಡಿ ಅಂತ ಜಾನ್ ವಾಟ್ಸನ್ 1928ರಲ್ಲಿ ಪುಸ್ತಕವನ್ನೇ ಬರೆದಿದ್ದರು. ಇದನ್ನು ಪರೀಕ್ಷೆ ಮಾಡೋಕೆ ಹಾರ್ಲೋ ಎರಡು ನಕಲಿ ಅಮ್ಮಂದಿರನ್ನು ಮಾಡಿಸಿದರು. ಒಂದು ಬರೀ ತಂತಿಯದ್ದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿದ್ದು. 8 ಮರಿಗಳಲ್ಲಿ 4ಕ್ಕೆ ತಂತಿಯ ಅಮ್ಮನಲ್ಲಿ ಹಾಲು, 4ಕ್ಕೆ ಬಟ್ಟೆಯ ಅಮ್ಮನಲ್ಲಿ ಹಾಲು. ಫಲಿತಾಂಶ ಸ್ಪಷ್ಟವಾಗಿತ್ತು. ಹಾಲು ಎಲ್ಲೇ ಇರಲಿ, ಮರಿಗಳು ದಿನದ ಹೆಚ್ಚಿನ ಹೊತ್ತು ಬಟ್ಟೆಯ ಅಮ್ಮನನ್ನೇ ತಬ್ಬಿಕೊಂಡಿದ್ದವು. ತಂತಿಯ ಅಮ್ಮನ ಹತ್ತಿರ ಹಾಲು ಕುಡಿಯೋಕೆ ಮಾತ್ರ ಹೋಗ್ತಿದ್ದವು.

ಈ ಪ್ರಯೋಗದ ಫೋಟೋಗಳು ಎಲ್ಲರಿಗೂ ಗೊತ್ತು. ಆದ್ರೆ ಅದರಲ್ಲಿ ಒಂದು ಸಣ್ಣ ವಿಷಯವನ್ನು ಯಾರೂ ಅಷ್ಟಾಗಿ ಹೇಳಲ್ಲ. ಎರಡೂ ಗುಂಪು ಕುಡಿದ ಹಾಲು ಒಂದೇ, ತೂಕ ಏರಿದ್ದೂ ಒಂದೇ ಸಮ. ಆದರೂ ತಂತಿಯ ಅಮ್ಮನಲ್ಲಿ ಹಾಲು ಕುಡಿದ ಮರಿಗಳ ಮಲ ತೆಳುವಾಗಿರ್ತಿತ್ತು. ಇದಕ್ಕೆ ಮನಸ್ಸಿನ ಒತ್ತಡ ಕಾರಣ ಇರಬಹುದು ಅಂತ ಹಾರ್ಲೋ ಬರೆದರು. ಅಂದ್ರೆ ಒಂಟಿತನದ ನೋವು ಬರೀ ಮನಸ್ಸಿನಲ್ಲಿ ಇರಲ್ಲ, ಹೊಟ್ಟೆಗೂ ಇಳಿಯುತ್ತೆ.

1958ರಲ್ಲಿ ಅಮೆರಿಕನ್ ಸೈಕಾಲಜಿಕಲ್ ಅಸೋಸಿಯೇಷನ್ ಅಧ್ಯಕ್ಷರಾಗಿ ಅವರು ಮಾಡಿದ ಭಾಷಣದ ವಿಷಯ ಪ್ರೀತಿ. ಜಗತ್ತಿನಾದ್ಯಂತ ಹೆಸರಾಯಿತು. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಅವರ ಲ್ಯಾಬ್ ನೋಡೋಕೆ ಬಂದರು. ಪ್ರಯೋಗಕ್ಕೆ ಸೇರಿದ ಕೋತಿಗಳ ಮಾತು ಹಾಗಿರಲಿ, ಸಾಲಾಗಿ ಒಂದೊಂದೇ ಬೋನಿನಲ್ಲಿ ಇಟ್ಟಿರೋ ಎಲ್ಲಾ ಕೋತಿಗಳೂ ಈಗಾಗಲೇ ಅಸ್ವಸ್ಥವಾಗಿವೆಯಲ್ಲ ಅಂತ ಬೌಲ್ಬಿ ತೋರಿಸಿಕೊಟ್ಟರು ಅಂತ ಹೇಳ್ತಾರೆ. ದಿನಾ ನೋಡೋರಿಗೆ ಅದು ಕಾಣಿಸಿರಲಿಲ್ಲ.

ಬಟ್ಟೆಯ ಅಮ್ಮನ ಜೊತೆ ಬೆಳೆದ ಮರಿಗಳೂ ದೊಡ್ಡವಾದ ಮೇಲೆ ಸರಿ ಇರಲಿಲ್ಲ. ಬೇರೆ ಕೋತಿಗಳ ಜೊತೆ ಹೊಂದಿಕೊಳ್ಳೋಕೆ ಬರ್ತಿರಲಿಲ್ಲ, ತಮ್ಮನ್ನು ತಾವೇ ಕಚ್ಚಿಕೊಳ್ತಿದ್ದವು. ತಾಯಿಯಾದಾಗ ಕೆಲವು ಮರಿಯನ್ನು ಹತ್ತಿರ ಸೇರಿಸಲಿಲ್ಲ, ಕೆಲವು ಕೊಂದೇ ಬಿಟ್ಟವು. ಆದ್ರೆ ದಿನಕ್ಕೆ ಬರೀ 20 ನಿಮಿಷ ಬೇರೆ ಮರಿಗಳ ಜೊತೆ ಆಡೋಕೆ ಬಿಟ್ಟಿದ್ದವು ಎಷ್ಟೋ ಮೇಲಾಗಿದ್ದವು.

ಇಲ್ಲಿಗೆ ನಿಲ್ಲಿಸಬಹುದಿತ್ತು ಅಂತ ನಮಗೆ ಅನ್ನಿಸುತ್ತೆ. ಹಾರ್ಲೋ ನಿಲ್ಲಿಸಲಿಲ್ಲ. 1960ರ ದಶಕದಲ್ಲಿ ಮರಿಗಳನ್ನು 3, 6, 12 ತಿಂಗಳು ಯಾವ ಜೀವಿಯನ್ನೂ ನೋಡದ ಹಾಗೆ ಕೂಡಿಹಾಕಿದರು. 3 ತಿಂಗಳ ನಂತರ ಹೊರಬಂದ ಒಂದು ಮರಿ ಊಟ ಬಿಟ್ಟು ಕೆಲವೇ ದಿನಗಳಲ್ಲಿ ಸತ್ತಿತು. ಅದರ ಮುಂದೆ ಆಹಾರ ಇತ್ತು, ತಿನ್ನಲಿಲ್ಲ ಅಷ್ಟೇ. 12 ತಿಂಗಳು ಒಳಗಿದ್ದವಕ್ಕೆ ತಮ್ಮನ್ನು ಕಾಪಾಡಿಕೊಳ್ಳೋಕೂ ಬರ್ತಿರಲಿಲ್ಲ. ಬೇರೆ ಕೋತಿಗಳ ಏಟಿಗೆ ಏನಾದ್ರೂ ಆಗಿಬಿಡುತ್ತೆ ಅಂತ ಒಟ್ಟಿಗೆ ಬಿಡೋದನ್ನೇ ನಿಲ್ಲಿಸಬೇಕಾಯಿತು. ಆಮೇಲೆ ಇಳಿಜಾರು ಗೋಡೆಗಳ ಸ್ಟೀಲ್ ಗುಂಡಿ ಮಾಡಿಸಿ ಅದರೊಳಗೆ ಎಳೆಯ ಕೋತಿಗಳನ್ನು ವಾರಗಟ್ಟಲೆ ಇಟ್ಟರು. ಖಿನ್ನತೆ ಹೇಗೆ ಬರುತ್ತೆ ಅಂತ ತಿಳಿಯೋದು ಉದ್ದೇಶ. ಕೆಲವೇ ದಿನಗಳಲ್ಲಿ ಅವು ಮೇಲೆ ಹತ್ತೋ ಪ್ರಯತ್ನವನ್ನೇ ಬಿಟ್ಟು ತಳದಲ್ಲಿ ಮುದುರಿ ಕೂರ್ತಿದ್ದವು. ಅವರ ಜೊತೆಗೆ ಕೆಲಸ ಮಾಡಿದವರಲ್ಲೇ ಕೆಲವರಿಗೆ ಇದು ಸಹಿಸೋಕೆ ಆಗಲಿಲ್ಲ.

ಅವರ ಮನೆಯ ಬದುಕೂ ಸುಲಭವಾಗಿರಲಿಲ್ಲ. ಲ್ಯಾಬ್ ಬಿಟ್ಟು ಬರದ ಗಂಡನಿಂದ ಮೊದಲ ಹೆಂಡತಿ ಕ್ಲಾರಾ 1946ರಲ್ಲಿ ವಿಚ್ಛೇದನ ಪಡೆದರು. ಎರಡನೇ ಹೆಂಡತಿ ಮಾರ್ಗರೆಟ್ ಸ್ವತಃ ಮಕ್ಕಳ ಮನಶ್ಶಾಸ್ತ್ರಜ್ಞೆ. ಗಂಡ ಹೆಂಡತಿ ಒಂದೇ ವಿಭಾಗದಲ್ಲಿ ಇರಬಾರದು ಅನ್ನೋ ನಿಯಮದಿಂದ ಅವರ ಕೆಲಸ ಹೋಯಿತು. 1967ರಲ್ಲಿ ಹಾರ್ಲೋಗೆ ನ್ಯಾಷನಲ್ ಮೆಡಲ್ ಆಫ್ ಸೈನ್ಸ್ ಬಂತು. ಆದ್ರೆ ಮಾರ್ಗರೆಟ್ ಕ್ಯಾನ್ಸರ್‌ನಿಂದ 1971ರಲ್ಲಿ ತೀರಿಕೊಂಡರು. ಆ ವರ್ಷಗಳಲ್ಲಿ ಹಾರ್ಲೋ ತೀವ್ರ ಖಿನ್ನತೆಗೆ ಬಿದ್ದು, ಮೇಯೋ ಕ್ಲಿನಿಕ್‌ನಲ್ಲಿ ಮಿದುಳಿಗೆ ವಿದ್ಯುತ್ ಕೊಡೋ ಚಿಕಿತ್ಸೆ ಪಡೆದರು. 1972ರಲ್ಲಿ ಕ್ಲಾರಾ ಅವರನ್ನೇ ಮತ್ತೆ ಮದುವೆಯಾದರು.

ಅದೇ 1972ರಲ್ಲಿ ಅವರು ಮತ್ತು ವಿದ್ಯಾರ್ಥಿ ಸ್ಟೀಫನ್ ಸುವೋಮಿ ಇನ್ನೊಂದು ಫಲಿತಾಂಶ ಪ್ರಕಟಿಸಿದರು. 6 ತಿಂಗಳು ಒಂಟಿಯಾಗಿದ್ದ ಕೋತಿಗಳ ಜೊತೆ 3 ತಿಂಗಳ ಆರೋಗ್ಯವಂತ ಮರಿಗಳನ್ನು ಬಿಟ್ಟಿದ್ದರು. ಚಿಕ್ಕ ಮರಿಗಳು ಹೊಡೆಯಲಿಲ್ಲ, ಹೋಗಿ ತಬ್ಬಿಕೊಂಡವು. ಮೂಲೆಯಲ್ಲಿ ಮುದುರಿದ್ದ ಕೋತಿಗಳು ಕೆಲವು ತಿಂಗಳಲ್ಲಿ ಆಟಕ್ಕೆ ಇಳಿದವು. ಇವು ಇನ್ನು ಸರಿಹೋಗಲ್ಲ ಅಂತ ಅಂದುಕೊಂಡಿದ್ದು ತಪ್ಪಾಯಿತು.

ಭಾರತ 1978ರಲ್ಲಿ ರೀಸಸ್ ಕೋತಿಗಳ ರಫ್ತನ್ನು ಪೂರ್ತಿ ನಿಲ್ಲಿಸಿತು. ಹಾರ್ಲೋ 1981ರ ಡಿಸೆಂಬರ್ 6ರಂದು ಅರಿಝೋನಾದ ಟೂಸಾನ್‌ನಲ್ಲಿ ತೀರಿಕೊಂಡರು. ಲ್ಯಾಬ್‌ನ ಕೋತಿಗಳ ಮಾನಸಿಕ ಆರೋಗ್ಯವನ್ನೂ ನೋಡಿಕೊಳ್ಳಬೇಕು ಅಂತ ಅಮೆರಿಕದಲ್ಲಿ 1985ರಲ್ಲಿ ಕಾನೂನು ಬಂತು. ಅದರ ಪರವಾಗಿ ಮಾತಾಡಿದವರಿಗೆ ಹಾರ್ಲೋ ಡೇಟಾ ಆಧಾರವೂ ಆಯಿತು, ಎಚ್ಚರಿಕೆಯೂ ಆಯಿತು.

ಜೊತೆ ಇದ್ರೆ ಸಾಕಾ? ಅದೂ ಅಷ್ಟು ಸುಲಭ ಅಲ್ಲ. ಜೇ ಕಪ್ಲನ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದ ಪ್ರಕಾರ, ಊಟ ಒಂದೇ ಇದ್ದರೂ, ಗುಂಪಿನ ಸದಸ್ಯರನ್ನು ಪದೇ ಪದೇ ಬದಲಾಯಿಸ್ತಾ ಹೋದರೆ ಯಜಮಾನ ಗಂಡು ಕೋತಿಗಳ ಹೃದಯದ ರಕ್ತನಾಳಗಳು ಹೆಚ್ಚು ಕಟ್ಟಿಕೊಳ್ಳುತ್ವೆ. ಮೇಲಿನ ಸ್ಥಾನ ಉಳಿಸಿಕೊಳ್ಳೋಕೆ ಅವು ಪ್ರತಿ ಸಲ ಹೊಸದಾಗಿ ಜಗಳ ಆಡಬೇಕು. ಅಂದ್ರೆ ಕೋತಿಗೆ ಬೇಕಾಗಿರೋದು ಪರಿಚಯದ, ಸ್ಥಿರವಾದ ಗುಂಪು.

ಹಾರ್ಲೋ ಒಳ್ಳೆಯವರಾ, ಕೆಟ್ಟವರಾ ಅಂತ ನಾವು ತುಂಬಾ ವಾದ ಮಾಡಿದ್ವಿ, ಒಮ್ಮತ ಬರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಪ್ಪಿದ್ವಿ. ಆ ಪ್ರಯೋಗಗಳನ್ನು ಯಾರೂ ಮತ್ತೆ ಮಾಡೋ ಅಗತ್ಯ ಇಲ್ಲ, ಉತ್ತರ ಗೊತ್ತಾಗಿದೆ. ಗೊತ್ತಿದ್ದೂ ಅದೇ ತಪ್ಪು ಮಾಡೋಕೆ ನಮಗೆ ಹಕ್ಕಿಲ್ಲ.

ನಮ್ಮ ಏರಿಯಾಗಳಲ್ಲಿ ಕರೆಂಟ್ ತಂತಿ ತಗುಲಿ ಅಥವಾ ಗಾಡಿಗೆ ಸಿಕ್ಕಿ ತಾಯಿ ಕೋತಿ ಸತ್ತು ಮರಿ ಉಳಿದರೆ, ಪಾಪ ಅಂತ ಮನೆಗೆ ತಂದು ಬೋನಿನಲ್ಲಿ ಸಾಕೋಕೆ ಹೋಗಬೇಡಿ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ನಾವು ಎಷ್ಟೇ ಪ್ರೀತಿಯಿಂದ ಹಾಲು ಕೊಟ್ಟರೂ ಮರಿಗೆ ನಾವು ಇನ್ನೊಂದು ನಕಲಿ ಅಮ್ಮ ಅಷ್ಟೇ, ಕೋತಿಯಾಗಿ ಬದುಕೋದನ್ನು ನಾವು ಕಲಿಸೋಕೆ ಆಗಲ್ಲ. ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಣಾ ಕೇಂದ್ರಕ್ಕೋ ತಕ್ಷಣ ಫೋನ್ ಮಾಡಿ. ಅವರು ಬರೋವರೆಗೆ ಮರಿಗೆ ಹಿಡ್ಕೊಳ್ಳೋಕೆ ಒಂದು ಮೆತ್ತನೆಯ ಟವೆಲ್ ಕೊಡಿ.