ನಿರಾಶೆಯ ನಡುವಣ ವಿಶ್ವಾಸ: ಮೈಸೂರು ಸೀಮೆಯಲ್ಲಿ ಅಬ್ಬೆ ದುಬಾಯ್

ಅಬ್ಬೆ ದುಬಾಯ್ ಅವರ ಹೆಸರು ಕನ್ನಡದ ವಿದ್ವಲ್ಲೋಕಕ್ಕೆ ಪರಿಚಿತವಾಗಿರುವುದು ಹಿಂದೂಗಳ ಆಚಾರ, ಸಂಪ್ರದಾಯಗಳನ್ನು ಕುರಿತ ಅವರ ಬೃಹದ್ಗ್ರಂಥದ ಮೂಲಕ. ಆ ಗ್ರಂಥದ ಖ್ಯಾತಿಯಲ್ಲಿ ಶ್ರೀರಂಗಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಗುರುವಾಗಿ ದುಡಿದ ದುಬಾಯ್ ಮರೆಯಾಗಿದ್ದಾರೆ. ತಮ್ಮ ಕಾರ್ಯ ಫಲಿಸುವುದಿಲ್ಲವೆಂದು ಮನಗಂಡ ಮೇಲೂ ಅದನ್ನು ಕೈಬಿಡದೆ ನಡೆಸಿಕೊಂಡು ಬಂದ ಈ ವ್ಯಕ್ತಿಯ ಬದುಕನ್ನು ಗ್ರಂಥದಿಂದ ಬೇರ್ಪಡಿಸಿ ನೋಡುವುದು ಅವಶ್ಯವಾಗಿದೆ.

ಜಾನ್ ಆಂತ್ವಾನ್ ದುಬಾಯ್ ಫ್ರಾನ್ಸಿನ ಆರ್ದೆಷ್ ಪ್ರಾಂತದ ಸೇಂಟ್ ರೆಮೇಜ್ ಗ್ರಾಮದವರು, ಹುಟ್ಟಿದ್ದು 1765-66ರಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹೊರಟರು. ಅವರು ಬಿಟ್ಟುಬಂದ ದೇಶದಲ್ಲಿ ಕ್ರಾಂತಿ ಗುರುಗಳ ಬೆನ್ನುಹತ್ತಿತ್ತು. ಬಂದು ಸೇರಲಿದ್ದ ನಾಡಿನ ಸ್ಥಿತಿಯೂ ನೆಮ್ಮದಿಯದಾಗಿರಲಿಲ್ಲ. ಮೂರನೆಯ ಮೈಸೂರು ಯುದ್ಧ ಆ ವರ್ಷವಷ್ಟೇ ಮುಗಿದಿತ್ತು. ಅದರ ಹಿಂದಿನ ವರ್ಷ ನಂದಿದುರ್ಗ ಇಂಗ್ಲಿಷರ ವಶವಾಗಿತ್ತು. ಚಿಕ್ಕಬಳ್ಳಾಪುರ, ಅಂಬಾಜಿದುರ್ಗಗಳ ಕಡೆಯ ಸೀಮೆ ದಂಡುಗಳ ಹಾದಿಯಾಗಿತ್ತು. ಪುದುಚೇರಿಯಲ್ಲಿಳಿದ ದುಬಾಯ್ ಮೊದಲ ಕೆಲವು ವರ್ಷಗಳನ್ನು ದಕ್ಷಿಣದ ಇತರ ಭಾಗಗಳಲ್ಲಿ ಕಳೆದರು.

ಮೈಸೂರಿನಲ್ಲಿ ಕ್ರೈಸ್ತಧರ್ಮ ಆಗ ಹೊಸತೇನೂ ಅಲ್ಲ. 17ನೆಯ ಶತಮಾನದ ನಡುಭಾಗದಲ್ಲಿಯೇ ಯೇಸುಸಭೆಯ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದಿದ್ದರು. ಆದರೆ 1773ರಲ್ಲಿ ಆ ಸಭೆಯನ್ನೇ ಪೋಪರು ರದ್ದುಪಡಿಸಿದ್ದರಿಂದ ಇಲ್ಲಿನ ಸಣ್ಣಪುಟ್ಟ ಕ್ರೈಸ್ತ ಸಮುದಾಯಗಳು ಆಸರೆ ಕಳೆದುಕೊಂಡವು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸುಲ್ತಾನ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಕರಾವಳಿಯವರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯ ಇದಕ್ಕೆ ಕಾರಣವಾಗಿತ್ತು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ; ದುಬಾಯ್ ಕೊಡುವ 60,000ದ ಲೆಕ್ಕವನ್ನು ಎಚ್ಚರಿಕೆಯಿಂದಲೇ ಸ್ವೀಕರಿಸಬೇಕು. ಸೆರೆಯಲ್ಲಿ ಹಲವರು ಮಡಿದರು, ಹಲವರು ಬಲವಂತದ ಮತಾಂತರಕ್ಕೆ ಒಳಗಾದರು.

1799ರಲ್ಲಿ ಟಿಪ್ಪು ಮಡಿದು ಶ್ರೀರಂಗಪಟ್ಟಣ ಬಿದ್ದ ಬಳಿಕ, ಹೀಗೆ ಚದುರಿಹೋದವರನ್ನು ಮತ್ತೆ ಕೂಡಿಸುವ ಹೊಣೆ ದುಬಾಯ್ ಅವರ ಮೇಲೆ ಬಿದ್ದಿತು. ಅವರನ್ನು ಈ ಕಾರ್ಯಕ್ಕೆ ಸೂಚಿಸಿದವರು ಕರ್ನಲ್ ವೆಲ್ಲೆಸ್ಲಿ ಎಂದು ಹೇಳಲಾಗುತ್ತದೆ. ಇಷ್ಟು ದೊಡ್ಡ ಸಮೂಹದಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡಲು ಒಬ್ಬರೂ ಮುಂದೆ ಬರಲಿಲ್ಲವೆಂದು ದುಬಾಯ್ ಮುಂದೆ ಕಟುವಾಗಿ ಬರೆದರು. ಈ ಮಾತು ನ್ಯಾಯವಾದುದಲ್ಲ. ಗುರುಗಳಿಲ್ಲದೆ, ಇಗರ್ಜಿಗಳಿಲ್ಲದೆ ಹದಿನೈದು ವರ್ಷ ಕಳೆದವರು ದಾರಿ ತೆರೆದ ಕೂಡಲೇ ತಮ್ಮ ಮತಕ್ಕೆ ಹಿಂದಿರುಗಲು ಬಂದರೆಂಬುದೂ ಸಾಕ್ಷಿಯೇ ಆಗಿದೆ. ಅವರು ಹಿಂದಿರುಗದಿದ್ದರೆ ದುಬಾಯ್ ಅವರಿಗೆ ಇಲ್ಲಿ ಮಾಡಲು ಕೆಲಸವೇ ಇರುತ್ತಿರಲಿಲ್ಲ.

ದುಬಾಯ್ ಇಲ್ಲಿನವರಂತೆಯೇ ಬಾಳಿದರು. ದೇಶೀಯ ಉಡುಪು ತೊಟ್ಟು, ರುಮಾಲು ಸುತ್ತಿ, ಐರೋಪ್ಯರ ಸಹವಾಸದಿಂದ ಆದಷ್ಟೂ ದೂರವಿದ್ದರು. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆದರು. ಹಾಸನ ಸೀಮೆಯ ಸಾತಳ್ಳಿಯಲ್ಲಿ ನಿರ್ಗತಿಕ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಮತ ಬದಲಿಸಿದವನು ಕುಲದಿಂದ ಹೊರಬಿದ್ದು ಒಕ್ಕಲುತನವನ್ನೂ ಕಳೆದುಕೊಳ್ಳುತ್ತಿದ್ದ ಸಮಾಜದಲ್ಲಿ ಉಳುವ ನೆಲವಿಲ್ಲದೆ ವಿಶ್ವಾಸ ನಿಲ್ಲಲಾರದೆಂಬುದನ್ನು ಅವರು ಕಂಡುಕೊಂಡಿದ್ದರು. ಸಿಡುಬಿಗೆ ದೇವಿ ಹಾಕುವ ಪದ್ಧತಿ ಆಗಷ್ಟೇ ಭಾರತಕ್ಕೆ ಬಂದಿತ್ತು. 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,432 ಜನರಿಗೆ ದೇವಿ ಹಾಕಿ ದಾಖಲು ಮಾಡಲಾಯಿತು. ಮೈಸೂರಿನ ಕ್ರೈಸ್ತರ ಸಂಖ್ಯೆಗೆ ಹೋಲಿಸಿದರೆ ಇದರಲ್ಲಿ ಬಹುಪಾಲು ಅನ್ಯಮತೀಯರೆಂಬುದು ಸ್ಪಷ್ಟ.

ಅವರ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಮದರಾಸು ಸರ್ಕಾರದ ಗಮನಕ್ಕೆ ತಂದರು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನು 2000 ಸ್ಟಾರ್ ಪಗೋಡಗಳಿಗೆ ಕೊಂಡುಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿ ಹೊರಬಂದಿತು. ಅದರ ಬಹುಭಾಗಕ್ಕೆ ಯೇಸುಸಭೆಯ ಕೂರ್ದೂ ಅವರ ಬರಹವೇ ಆಧಾರವೆಂದು 1987ರಲ್ಲಿ ಸಿಲ್ವಿಯಾ ಮೂರ್ ತೋರಿಸಿಕೊಟ್ಟಿದ್ದಾರೆ. ಆದುದರಿಂದ ದುಬಾಯ್ ಅವರ ಅಂತರಂಗವನ್ನು ಅರಿಯಲು ಹೆಚ್ಚು ನಂಬತಕ್ಕ ಕೃತಿ 1823ರಲ್ಲಿ ಪ್ರಕಟವಾದ, ಭಾರತದಲ್ಲಿನ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳ ಸಂಪುಟ.

ಆ ಪತ್ರಗಳು ಕಠೋರವಾಗಿವೆ. ಇಷ್ಟು ದೀರ್ಘಕಾಲದಲ್ಲಿ, ದೇಶೀಯ ಗುರುವೊಬ್ಬರ ನೆರವಿನೊಡನೆ, ತಾವು ಕ್ರೈಸ್ತಧರ್ಮಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರ ಎಂದು ಅವರು ಲೆಕ್ಕ ಒಪ್ಪಿಸುತ್ತಾರೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು, ಭಿಕ್ಷುಕರು. ಮದುವೆಯಂಥ ಲೌಕಿಕ ಪ್ರಯೋಜನಕ್ಕಾಗಿ ಬಂದವರು ಅದು ಕೈಗೂಡದಾಗ ಹೊರಟುಹೋದರು. ನಿಷ್ಕಾಮವಾದ ಶುದ್ಧ ನಂಬಿಕೆಯಿಂದ ಬಂದ ಒಬ್ಬನೂ ತಮ್ಮ ನೆನಪಿಗೆ ಬರುವುದಿಲ್ಲವೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತಾರೆ. ಹಿಂದೂಗಳ ಮತಾಂತರ ಮನುಷ್ಯಪ್ರಯತ್ನದಿಂದ ಸಾಧ್ಯವಿಲ್ಲವೆಂಬುದು ಅವರ ಅಂತಿಮ ನಿರ್ಣಯ. ಅವಸರವಾಗಿ ಸಿದ್ಧವಾಗುತ್ತಿದ್ದ ದೇಶಭಾಷೆಗಳ ಬೈಬಲ್ ಅನುವಾದಗಳ ಬಗೆಗೂ ಅವರಿಗೆ ಭರವಸೆ ಇರಲಿಲ್ಲ. 1824ರಲ್ಲಿ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟೆಂಟರು ಇದಕ್ಕೆ ಪ್ರತ್ಯೇಕ ಗ್ರಂಥಗಳಲ್ಲಿ ಉತ್ತರ ಕೊಟ್ಟರು.

ಬಡವರು ಬಂದುದನ್ನು ಸೋಲೆಂದು ಎಣಿಸುವಲ್ಲಿ ದುಬಾಯ್ ಅವರ ದೃಷ್ಟಿಯ ಮಿತಿ ಎದ್ದುಕಾಣುತ್ತದೆ. ಬ್ರಾಹ್ಮಣರು ಒಪ್ಪದ ಮತ ಈ ನೆಲದಲ್ಲಿ ಬೇರೂರದೆಂಬ ಯೇಸುಸಭೆಯವರ ಹಳೆಯ ಗ್ರಹಿಕೆಯಿಂದ ಅವರು ಹೊರಬರಲಿಲ್ಲ. ಆದರೆ ಅವರ ನಿರಾಶೆಯನ್ನು ಅವಿಶ್ವಾಸವೆಂದು ಓದಿದವರು ತಪ್ಪಿದ್ದಾರೆ. ಅವರಿಗೆ ಸಂಶಯವಿದ್ದುದು ಪ್ರಚಾರದ ಫಲದ ಬಗ್ಗೆ. ತಾವು ನಂಬಿದ ದೇವರ ಬಗ್ಗೆ ಅಲ್ಲ. ಫಲವಿಲ್ಲವೆಂದು ಬಹುಹಿಂದೆಯೇ ಅರಿತವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಹಳ್ಳಿಗಳಲ್ಲಿ ಜ್ಞಾನಸ್ನಾನ, ಪೂಜೆ, ಮರಣದ ಸಂಸ್ಕಾರಗಳನ್ನು ನಡೆಸಿದರೆಂಬುದನ್ನು ಬೇರಾವ ರೀತಿಯಲ್ಲೂ ವಿವರಿಸಲಾಗದು.

1823ರ ಜನವರಿಯಲ್ಲಿ ಕಂಪನಿಯ ವಿಶ್ರಾಂತಿವೇತನದೊಡನೆ ಅವರು ಸ್ವದೇಶಕ್ಕೆ ಮರಳಿದರು. ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಆಧರಿಸಿ ಪಂಚತಂತ್ರವನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದರು. ಮತಪ್ರಚಾರದಲ್ಲಿ ಭರವಸೆ ಕಳೆದುಕೊಂಡವರೆಂದು ಹೆಸರಾಗಿದ್ದ ಅವರು ಪ್ಯಾರಿಸ್ಸಿನ ಗುರುಮಠದಲ್ಲಿ ಹೊರದೇಶಗಳಿಗೆ ಹೋಗುವ ಯುವಗುರುಗಳಿಗೆ ತರಬೇತಿ ಕೊಡುತ್ತಿದ್ದರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿದ್ದರು. 1848ರ ಫೆಬ್ರವರಿ 17ರಂದು ಅಲ್ಲಿಯೇ ತೀರಿಕೊಂಡರು. ಅದಾದ ಎರಡು ವರ್ಷಕ್ಕೆ, 1850ರಲ್ಲಿ, ಮೈಸೂರು ಪುದುಚೇರಿಯಿಂದ ಬೇರ್ಪಟ್ಟು ಸ್ವತಂತ್ರ ಅಪೊಸ್ತಲಿಕ ವಿಕಾರಿಯೇಟ್ ಆಯಿತು. ಸಾತಳ್ಳಿಯ ನೆಲೆ ಆ ಹೊತ್ತಿಗೂ ಉಳಿದಿತ್ತು.